ಬಾಲವಚನದ ಪ್ರಾಮಾಣ್ಯವೂ ಬಾಲಪಕ್ಷ ಕೇಂದ್ರಗಳೂ: ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯನ್ನು ಕುರಿತ ವಿಚಾರ

ವ್ಯವಹಾರವು ಚತುಷ್ಪಾದವೆಂದು ಧರ್ಮಶಾಸ್ತ್ರಕಾರರು ಹೇಳಿರುವರು. ವಾದಿಯ ಹೇಳಿಕೆಯು ಮೊದಲನೆಯ ಪಾದ, ಪ್ರತಿವಾದಿಯ ಉತ್ತರವು ಎರಡನೆಯದು, ಸಾಕ್ಷ್ಯಾದಿ ಪ್ರಮಾಣಗಳು ಮೂರನೆಯದು, ನಿರ್ಣಯವು ನಾಲ್ಕನೆಯದು. ಇವುಗಳಲ್ಲಿ ಮೊದಲನೆಯದಕ್ಕೆ ಭಾಷೆ, ಪ್ರತಿಜ್ಞೆ, ಪಕ್ಷ ಎಂದು ಮೂರು ಹೆಸರುಗಳಿದ್ದು, ಅವು ಏಕಾರ್ಥಕಗಳೆಂದು ಮಿತಾಕ್ಷರೆಯಲ್ಲಿ ವಿಜ್ಞಾನೇಶ್ವರನು ವಿವರಿಸಿರುವನು. ಪಕ್ಷವನ್ನು ಮಂಡಿಸುವವರೇ ಇಲ್ಲವಾದಲ್ಲಿ ಉಳಿದ ಮೂರು ಪಾದಗಳಿಗೆ ಅವಕಾಶವಿಲ್ಲ. ಹಿಂಸೆಗೆ ಗುರಿಯಾದ ಮಗುವಿನ ವಿಷಯದಲ್ಲಿ ನಡೆಯುವ ಎರಡನೆಯ ಅನ್ಯಾಯವು ಇದೇ ಆಗಿದೆ. ಅದರ ನೋವು ಭಾಷೆಯ ರೂಪವನ್ನು ತಾಳುವುದಕ್ಕೆ ಮೊದಲೇ ಅಡಗಿಹೋಗುತ್ತದೆ. ಈ ಲೋಪವನ್ನು ತುಂಬುವುದಕ್ಕಾಗಿ ಹುಟ್ಟಿದ ಒಂದು ಸಂಸ್ಥಾವಿಶೇಷದ ಸ್ವರೂಪವನ್ನೂ, ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಅದು ತಾಳಬೇಕಾದ ರೂಪವನ್ನೂ ಪ್ರಕೃತ ಲೇಖನದಲ್ಲಿ ನಿರೂಪಿಸಲಾಗುವುದು.

೧. ಕೇಂದ್ರದ ಸ್ವರೂಪ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಒಂದಾದ ಅಲಬಾಮಾದ ಹಂಟ್ಸ್‌ವಿಲ್ ಎಂಬ ಊರಿನಲ್ಲಿ ೧೯೮೫ನೆಯ ಇಸವಿಯಲ್ಲಿ ಇಂಥ ಕೇಂದ್ರವೊಂದು ಮೊದಲು ಏರ್ಪಟ್ಟಿತು. ಇದಕ್ಕೆ ಕಾರಣನಾದವನು ಅಲ್ಲಿಯ ಸರ್ಕಾರಿ ಅಭಿಯೋಜಕನಾಗಿದ್ದ ರಾಬರ್ಟ್ ಕ್ರೇಮರ್ ಎಂಬವನು. ಹಿಂಸೆಗೊಳಗಾದ ಮಗುವು ಪೊಲೀಸರ ಮುಂದೆ ಒಮ್ಮೆ, ವೈದ್ಯನ ಮುಂದೆ ಒಮ್ಮೆ, ಸಮಾಜಸೇವಾ ಇಲಾಖೆಯವರ ಮುಂದೆ ಒಮ್ಮೆ, ವಕೀಲರ ಮುಂದೆ ಒಮ್ಮೆ, ಕಡೆಗೆ ನ್ಯಾಯಾಧೀಶನ ಮುಂದೆ ಒಮ್ಮೆ, ಹೀಗೆ ಅದೇ ದುಃಖವನ್ನು ಪುನಃ ಪುನಃ ಹೇಳಬೇಕಾಗಿದ್ದಿತು. ಮಗುವು ಇವರೆಲ್ಲರ ಬಳಿಗೆ ಅಲೆಯುವುದಕ್ಕೆ ಬದಲಾಗಿ ಇವರೆಲ್ಲರೂ ಮಗುವಿದ್ದಲ್ಲಿಗೆ ಬರಬೇಕೆಂಬುದೇ ಆ ಕೇಂದ್ರದ ಮೂಲಸೂತ್ರ. ಅಲ್ಲಿ ಶಿಕ್ಷಣ ಪಡೆದ ಒಬ್ಬರು ಮಗುವಿನೊಡನೆ ಮಾತನಾಡುವರು. ಮಿಕ್ಕವರು ಮರೆಯಲ್ಲಿದ್ದು ಕೇಳುವರು. ವೈದ್ಯಪರೀಕ್ಷೆ, ಮನಸ್ಸಿನ ಉಪಚಾರ, ಮನೆಯವರಿಗೆ ಸಮಾಧಾನ, ಮೊಕದ್ದಮೆಯು ಮುಗಿಯುವವರೆಗೆ ಜೊತೆಗಿರುವಿಕೆ, ಇವೆಲ್ಲವೂ ಆ ಒಂದೇ ಸೂರಿನ ಕೆಳಗೆ ನಡೆಯುವುವು. ೧೯೯೮ರಲ್ಲಿ ಐಸ್‌ಲೆಂಡ್ ದೇಶವು ಇದೇ ತತ್ತ್ವವನ್ನು ಅನುಸರಿಸಿ, ತನ್ನ ಭಾಷೆಯಲ್ಲಿ 'ಮಕ್ಕಳ ಮನೆ' ಎಂಬ ಅರ್ಥದ 'ಬಾರ್ನಾಹುಸ್' ಎಂಬುದನ್ನು ಸ್ಥಾಪಿಸಿತು. ನಮ್ಮ ನೆರೆಯ ಹೈದರಾಬಾದಿನಲ್ಲಿ ಪೊಲೀಸ್ ಇಲಾಖೆಯು ೨೦೧೬ರಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ತೆರೆದ 'ಭರೋಸಾ' ಕೇಂದ್ರವು ಈ ಜಾತಿಗೆ ಸೇರಿದುದು.

ಇಂಥ ಸಂಸ್ಥೆಗೆ ಕನ್ನಡದಲ್ಲಿ ನೆಲೆಗೊಂಡ ಹೆಸರು ಇನ್ನೂ ಇಲ್ಲ. ಮಗುವಿನ ಪಕ್ಷವು ಇಲ್ಲಿ ಮೊದಲು ಮಾತಿನ ರೂಪಕ್ಕೆ ಬರುವುದರಿಂದ 'ಬಾಲಪಕ್ಷ ಕೇಂದ್ರ' ಎಂಬ ಹೆಸರನ್ನು ಈ ಲೇಖನದ ಮಟ್ಟಿಗೆ ಇಟ್ಟುಕೊಳ್ಳಲಾಗಿದೆ.

೨. ಬಾಲಸಾಕ್ಷ್ಯವನ್ನು ಕುರಿತ ಸ್ಮೃತಿಮತ

ಬಾಲರ ಮಾತು ಪ್ರಮಾಣವಲ್ಲವೆಂಬ ಅಭಿಪ್ರಾಯವು ಜನರಲ್ಲಿ ಆಳವಾಗಿ ಬೇರೂರಿದೆ. ಅದಕ್ಕೆ ಶಾಸ್ತ್ರದ ಆಧಾರವುಂಟೆಂದು ಹೇಳುವವರೂ ಇರುವರು. ಈ ಪೂರ್ವಪಕ್ಷವನ್ನು ಪರೀಕ್ಷಿಸದೆ ಮುಂದುವರಿಯುವುದು ಯುಕ್ತವಲ್ಲ.

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಸಾಕ್ಷಿಗಳಾಗಲು ಸಲ್ಲದವರ ಪಟ್ಟಿಯಲ್ಲಿ ಬಾಲನ ಹೆಸರು ಇರುವುದು ನಿಜ. ಆದರೆ ಅದರ ಬೆನ್ನಿಗೇ ಸ್ತ್ರೀಸಂಗ್ರಹಣ, ಚೌರ್ಯ, ಪಾರುಷ್ಯ, ಸಾಹಸ ಎಂಬ ನಾಲ್ಕು ವಿಷಯಗಳಲ್ಲಿ ಎಲ್ಲರೂ ಸಾಕ್ಷಿಗಳಾಗಬಹುದೆಂದು ವಿಧಿಸಲಾಗಿದೆ. ಇದರ ಭಾವವು ಸುಲಭವಾಗಿ ತಿಳಿಯುವಂಥದು. ಸಾಲದ ಪತ್ರಕ್ಕೆ ಬೇಕಾದ ಸಾಕ್ಷಿಗಳನ್ನು ಮೊದಲೇ ಆರಿಸಿಕೊಳ್ಳಬಹುದು. ಗುಟ್ಟಿನಲ್ಲಿ ನಡೆಯುವ ಪಾತಕಕ್ಕೆ ಅಂಥ ಆಯ್ಕೆಯು ಅಸಂಭವ. ಮನುವೂ ಎಂಟನೆಯ ಅಧ್ಯಾಯದಲ್ಲಿ, ಬೇರೆ ಸಾಕ್ಷಿಗಳಿಲ್ಲದಿರುವಾಗ ಬಾಲನ ಮಾತನ್ನು ಕೇಳಬಹುದೆಂದು ಒಪ್ಪಿ, ಆ ಮಾತು ಸ್ಥಿರವಾಗಿರಲಾರದೆಂಬ ಎಚ್ಚರಿಕೆಯನ್ನೂ ಕೊಟ್ಟಿರುವನು. ನಾರದನಾದರೋ ಇಂಥ ವಿಷಯಗಳಲ್ಲಿಯೂ ಬಾಲನನ್ನು ಬಿಟ್ಟಿರುವನು. ಅದಕ್ಕೆ ಅವನು ಹೇಳುವ ಕಾರಣವು ಅಜ್ಞಾನ.

ಹೀಗೆ ಸ್ಮೃತಿಗಳಲ್ಲಿ ಪರಸ್ಪರ ಭೇದವಿರುವಾಗ ನಿರ್ಣಯಕ್ಕೆ ಕಾರಣವನ್ನೇ ನೋಡತಕ್ಕದ್ದು. ನಾರದನ ನಿಷೇಧವು ಅಜ್ಞಾನವೆಂಬ ದೃಷ್ಟವಾದ ನಿಮಿತ್ತದ ಮೇಲೆ ನಿಂತಿದೆ. ನಿಮಿತ್ತವು ತೊಲಗಿದಲ್ಲಿ ಅದನ್ನವಲಂಬಿಸಿದ ನಿಷೇಧವೂ ತೊಲಗುವುದೆಂಬುದು ನ್ಯಾಯಸಿದ್ಧ. ೧೮೭೨ರ ಭಾರತೀಯ ಸಾಕ್ಷ್ಯ ಕಾಯಿದೆಯ ೧೧೮ನೆಯ ಪ್ರಕರಣವೂ, ಅದರ ಸ್ಥಾನದಲ್ಲಿ ೨೦೨೪ನೆಯ ಜುಲೈ ೧ರಿಂದ ಜಾರಿಗೆ ಬಂದಿರುವ ೨೦೨೩ರ ಭಾರತೀಯ ಸಾಕ್ಷ್ಯ ಅಧಿನಿಯಮದ ೧೨೪ನೆಯ ಪ್ರಕರಣವೂ ಈ ಅಭಿಪ್ರಾಯವನ್ನೇ ವಿಧಿಯಾಗಿಸಿವೆ. ಕೇಳಿದ ಪ್ರಶ್ನೆಯನ್ನು ಗ್ರಹಿಸಿ ಅದಕ್ಕೆ ಸಂಗತವಾದ ಉತ್ತರವನ್ನು ಕೊಡಬಲ್ಲ ಮಗುವು ಸಾಕ್ಷಿಯಾಗಲು ಅರ್ಹ. ಇಷ್ಟು ವಯಸ್ಸಾಗಿರಲೇಬೇಕೆಂಬ ನಿಯಮವಿಲ್ಲ.

ಇಲ್ಲಿ ಮತ್ತೊಂದು ಸೂಕ್ಷ್ಮವುಂಟು. ಅಜ್ಞಾನವು ಯಾರದು? ತನಗೆ ಏನಾಯಿತೆಂಬುದನ್ನು ಮಗುವು ಬಲ್ಲುದು. ಅದನ್ನು ಹೇಳುವ ಮಾತನ್ನು ಮಾತ್ರ ಅರಿಯದು. ಯಾವ ತಾರೀಖಿನಂದು ನಡೆಯಿತೆಂದು ಕೇಳಿದರೆ ಹಳ್ಳಿಯ ಎಂಟು ವರ್ಷದ ಮಗುವು ಸುಮ್ಮನಾಗುವುದು. ಬನದ ಹುಣ್ಣಿಮೆಗೆ ಮೊದಲೋ ಆಮೇಲೋ, ಶಾಲೆ ಇದ್ದ ದಿವಸವೋ ಸೂಟಿಯ ದಿವಸವೋ, ಕಬ್ಬು ಹೊಲದಲ್ಲಿ ನಿಂತಿತ್ತೋ ಕಡಿದಾಗಿತ್ತೋ ಎಂದು ಕೇಳಿದರೆ ಅದೇ ಮಗುವು ಸರಿಯಾಗಿ ಹೇಳಬಲ್ಲುದು. ಇನ್ನು, ಮಾಡಿದವನು ಅವನೇ ಅಲ್ಲವೇ ಎಂದು ಕೇಳುವವನು ಉತ್ತರವನ್ನು ತಾನೇ ಮಗುವಿನ ಬಾಯಿಗೆ ಇಟ್ಟಂತಾಗುವುದು. ಹಲವು ಮಂದಿ ಹಲವು ಕ್ರಮದಲ್ಲಿ ಕೇಳಿದಾಗ ಉತ್ತರಗಳಲ್ಲಿ ಭೇದವು ತೋರುವುದು ಸಹಜ. ಪ್ರತಿವಾದಿಯ ವಕೀಲನು ಆ ಭೇದವನ್ನೇ ಎತ್ತಿ ಹಿಡಿದು ಸ್ವವಚನವಿರೋಧವೆಂದು ಸಾಧಿಸುವನು. ಮನುವು ಹೇಳಿದ ಅಸ್ಥಿರತೆಯಲ್ಲಿ ಹೆಚ್ಚಿನ ಪಾಲು ಹೀಗೆ ಕೇಳುವವರಿಂದಲೇ ಉಂಟಾಗುವುದು. ಆದುದರಿಂದ ಒಮ್ಮೆಯೇ, ಒಂದೇ ಕಡೆ, ಬಲ್ಲವರಿಂದ ಕೇಳಿಸಬೇಕೆಂಬ ನಿಯಮವು ಮಗುವಿಗೆ ದಯೆ ತೋರಿಸುವುದಲ್ಲದೆ ಪ್ರಮಾಣದ ಶುದ್ಧಿಯನ್ನೂ ಕಾಪಾಡುತ್ತದೆ. ಆರೋಪಿತನು ನಿರಪರಾಧಿಯಾಗಿದ್ದಲ್ಲಿ ಅವನಿಗೂ ಇದರಿಂದ ರಕ್ಷಣೆಯುಂಟು.

೩. ಇಂದಿನ ವಿಧಿ

ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ಸಂರಕ್ಷಿಸುವ ೨೦೧೨ರ ಅಧಿನಿಯಮವು (ಜನರು ಇದನ್ನು ಪೋಕ್ಸೋ ಎಂದು ಕರೆಯುವರು) ಆ ವರ್ಷದ ನವೆಂಬರ್ ೧೪ರಿಂದ ಜಾರಿಯಲ್ಲಿದೆ. ಹದಿನೆಂಟು ವರ್ಷ ತುಂಬದ ಎಲ್ಲರೂ, ಗಂಡಾಗಲಿ ಹೆಣ್ಣಾಗಲಿ, ಇದರ ದೃಷ್ಟಿಯಲ್ಲಿ ಮಕ್ಕಳು. ಪ್ರಕೃತಕ್ಕೆ ಉಪಯುಕ್ತವಾದ ಅದರ ವಿಧಿಗಳು ಇವು: ಅಪರಾಧವು ನಡೆದುದನ್ನಾಗಲಿ ನಡೆಯುವ ಸಂಭವವನ್ನಾಗಲಿ ತಿಳಿದ ಪ್ರತಿಯೊಬ್ಬನೂ ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಸ್ಥಳದಲ್ಲಿ, ಸಾಧ್ಯವಾದಮಟ್ಟಿಗೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಲ್ಲದ ಮಹಿಳಾ ಅಧಿಕಾರಿಯು ಬರೆದುಕೊಳ್ಳಬೇಕು. ಆಗ ಅಧಿಕಾರಿಯು ಸಮವಸ್ತ್ರದಲ್ಲಿರಕೂಡದು. ರಾತ್ರಿಯ ವೇಳೆ ಯಾವ ಕಾರಣಕ್ಕೂ ಮಗುವನ್ನು ಠಾಣೆಯಲ್ಲಿ ಇರಿಸಕೂಡದು. ಹೆಣ್ಣುಮಗುವಿನ ವೈದ್ಯಪರೀಕ್ಷೆಯನ್ನು ಮಹಿಳಾ ವೈದ್ಯರೇ ಮಾಡಬೇಕು. ಇಪ್ಪತ್ತುನಾಲ್ಕು ಗಂಟೆಗಳೊಳಗಾಗಿ ವಿಷಯವು ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ಮುಟ್ಟಬೇಕು. ನ್ಯಾಯಾಲಯದಲ್ಲಿ ಮಗುವು ಆರೋಪಿತನ ಕಣ್ಣಿಗೆ ಬೀಳದಂತೆ ಏರ್ಪಾಡಿರಬೇಕು. ವಕೀಲರ ಪ್ರಶ್ನೆಗಳು ನ್ಯಾಯಾಧೀಶರ ಮೂಲಕವೇ ಮಗುವಿಗೆ ತಲುಪಬೇಕು. ಮಗುವನ್ನು ಮತ್ತೆ ಮತ್ತೆ ಕರೆಸಕೂಡದು. ವಿಶೇಷ ನ್ಯಾಯಾಲಯವು ಪ್ರಕರಣವನ್ನು ಕೈಗೆತ್ತಿಕೊಂಡ ಮೂವತ್ತು ದಿವಸಗಳಲ್ಲಿ ಮಗುವಿನ ಸಾಕ್ಷ್ಯವೂ, ಆದಷ್ಟುಮಟ್ಟಿಗೆ ಒಂದು ವರ್ಷದಲ್ಲಿ ವಿಚಾರಣೆಯೂ ಮುಗಿಯತಕ್ಕದ್ದು. ಮಗುವಿನ ಹೆಸರು, ಮನೆ, ಶಾಲೆಗಳನ್ನು ಯಾರೂ ಪ್ರಕಟಿಸಕೂಡದು.

೨೦೨೦ರ ನಿಯಮಗಳು ಇದಕ್ಕೆ 'ಬೆಂಬಲ ವ್ಯಕ್ತಿ' ಎಂಬ ಒಂದು ಸ್ಥಾನವನ್ನು ಜೋಡಿಸಿವೆ. ತನಿಖೆಯ ಮೊದಲಿನಿಂದ ವಿಚಾರಣೆಯ ಕೊನೆಯವರೆಗೆ ಮಗುವಿನ ಜೊತೆಯಲ್ಲಿದ್ದು, ನಡೆಯುವುದನ್ನು ಅದಕ್ಕೆ ತಿಳಿಯುವಂತೆ ಹೇಳಿ, ವೈದ್ಯ ಪೊಲೀಸ್ ನ್ಯಾಯಾಲಯಗಳ ನಡುವೆ ಕೈಹಿಡಿದು ನಡೆಸುವವರು ಇವರು. ಮಕ್ಕಳ ಕಲ್ಯಾಣ ಸಮಿತಿಯು ಇವರನ್ನು ನೇಮಿಸುತ್ತದೆ. ಮಕ್ಕಳ ರಕ್ಷಣೆಯಲ್ಲಿ ತೊಡಗಿರುವ ವ್ಯಕ್ತಿಯಾಗಲಿ ಸಂಸ್ಥೆಯಾಗಲಿ ಈ ಕೆಲಸಕ್ಕೆ ಅರ್ಹ. ಈ ನೇಮಕವು ಕಾಗದದ ಮೇಲಿನ ಮಾತಾಗದೆ ನಿಜವಾಗಿ ನಡೆಯಬೇಕೆಂದು ೨೦೨೩ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಒತ್ತಿ ಹೇಳಿತು. ಬಾಲಪಕ್ಷ ಕೇಂದ್ರದ ಸಮಸ್ತ ಅಂಗಗಳೂ ಹೀಗೆ ವಿಧಿವಾಕ್ಯಗಳಲ್ಲಿ ದೊರೆಯುವುವು. ಅವು ಕೂಡಿ ನಿಲ್ಲುವ ಸ್ಥಳವು ಮಾತ್ರ ಎಲ್ಲ ಕಡೆಯೂ ಏರ್ಪಟ್ಟಿಲ್ಲ.

೪. ಗೋಕಾಕ ಸೀಮೆಯ ವಿಶೇಷ

ಘಟಪ್ರಭೆಯ ನೀರುಣ್ಣುವ ಹುಕ್ಕೇರಿ, ಗೋಕಾಕ, ಮತ್ತು ಗೋಕಾಕದಿಂದ ಬೇರ್ಪಟ್ಟು ಹೊಸದಾಗಿ ರಚಿತವಾದ ಮೂಡಲಗಿ, ಈ ಮೂರು ತಾಲ್ಲೂಕುಗಳಲ್ಲಿ ಬಾಲಹಿಂಸೆಯ ಪ್ರಶ್ನೆಗೆ ಒಂದು ವಿಶೇಷವಾದ ಇತಿಹಾಸವುಂಟು. ಅದೇ ಜಿಲ್ಲೆಯ ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಎಳೆಯ ವಯಸ್ಸಿನಲ್ಲಿಯೇ ಮುತ್ತು ಕಟ್ಟುವ ಪದ್ಧತಿಯು ಇಲ್ಲಿ ಬಹುಕಾಲ ನಡೆದುಬಂದಿತು. ಮುತ್ತು ಕಟ್ಟಿಸಿಕೊಂಡವಳಿಗೆ ಮದುವೆಯಿಲ್ಲ. ಮೈನೆರೆದ ಮೇಲೆ ಉಳ್ಳವನೊಬ್ಬನ ವಶಕ್ಕೆ ಆಕೆಯನ್ನು ಕೊಡುವುದು ರೂಢಿ. ಅನಂತರ ಹಲವರು ಸಾಂಗಲಿ, ಪುಣೆ, ಮುಂಬಯಿಗಳ ಸೂಳೆಗೇರಿಗಳನ್ನು ಸೇರಿದರು. ಗಂಡುಮಕ್ಕಳಿಲ್ಲದ ಮನೆಯಲ್ಲಿ ಮುದಿ ತಂದೆತಾಯಿಗಳನ್ನು ಸಾಕಲು ಮಗಳನ್ನು ಉಳಿಸಿಕೊಳ್ಳುವುದು, ಮದುವೆಯ ವೆಚ್ಚಕ್ಕೆ ಅಂಜುವುದು, ರೋಗ ಬಂದಾಗ ಹರಕೆ ಹೊರುವುದು, ತಲೆಯಲ್ಲಿ ಜಡೆಗಟ್ಟಿದುದನ್ನು ದೇವಿಯ ಕರೆಯೆಂದು ಬಗೆಯುವುದು, ಇವು ಇದಕ್ಕೆ ಕಾರಣಗಳು. ದಲಿತ ಕುಟುಂಬಗಳ ಹೆಣ್ಣುಮಕ್ಕಳೇ ಇದಕ್ಕೆ ಹೆಚ್ಚಾಗಿ ಬಲಿಯಾದರು.

ಬೆಳಗಾವಿಯು ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗಲೇ ೧೯೩೪ರಲ್ಲಿ ದೇವದಾಸೀ ರಕ್ಷಣೆಯ ಕಾಯಿದೆಯು ಬಂದಿತು. ೧೯೮೨ರಲ್ಲಿ ಕರ್ನಾಟಕ ಸರ್ಕಾರವು ದೇವದಾಸೀ ಸಮರ್ಪಣ ನಿಷೇಧದ ಕಾಯಿದೆಯನ್ನು ಮಾಡಿ, ಸಮರ್ಪಣೆಗೆ ಮೂರು ವರ್ಷಗಳವರೆಗೆ, ಸಮರ್ಪಿಸಿದವರು ತಂದೆತಾಯಿಗಳೋ ಬಂಧುಗಳೋ ಆಗಿದ್ದಲ್ಲಿ ಐದು ವರ್ಷಗಳವರೆಗೆ ಸೆರೆವಾಸವನ್ನು ಗೊತ್ತುಮಾಡಿತು. ೨೦೨೫ರಲ್ಲಿ ರಾಜ್ಯದ ವಿಧಾನಮಂಡಲವು ನಿಷೇಧದೊಡನೆ ಪರಿಹಾರ, ಪುನರ್ವಸತಿಗಳನ್ನೂ ಒಳಗೊಂಡ ಹೊಸ ಮಸೂದೆಯನ್ನು ಅಂಗೀಕರಿಸಿತು. ರಾಜ್ಯದಲ್ಲಿ ೧೯೯೩-೯೪ರಲ್ಲಿಯೂ ೨೦೦೭-೦೮ರಲ್ಲಿಯೂ ನಡೆದ ಎರಡು ಗಣತಿಗಳಲ್ಲಿ ಒಟ್ಟು ೪೬,೬೬೦ ಮಂದಿ ದೇವದಾಸಿಯರು ಲೆಕ್ಕಕ್ಕೆ ಬಂದರು. ಇವರಲ್ಲಿ ಬಹುಮಂದಿಗೆ ಮುತ್ತು ಬಿದ್ದುದು ಬಾಲ್ಯದಲ್ಲಿ ಎಂಬುದನ್ನು ನೆನೆದರೆ, ಈ ಸಂಖ್ಯೆಯು ಬಾಲಹಿಂಸೆಯ ಗಣತಿಯೂ ಹೌದೆಂದು ವಾಚಕರಿಗೆ ತಿಳಿದೀತು.

ನಿಷೇಧದ ಫಲವಾಗಿ ಮೆರವಣಿಗೆ ನಿಂತಿತು; ಗುಟ್ಟು ಹುಟ್ಟಿತು. ಜಾತ್ರೆಯಲ್ಲಿ ಬಹಿರಂಗವಾಗಿ ನಡೆಯುತ್ತಿದ್ದುದು ಮನೆಯೊಳಗೆ, ಊರ ಹೊರಗಿನ ಸಣ್ಣ ಗುಡಿಯಲ್ಲಿ, ನಾಲ್ಕು ಜನರ ಮುಂದೆ ನಡೆಯುವಂತಾಯಿತು. ಗುಟ್ಟಾದುದನ್ನು ಹೊರಗೆ ತರಬಲ್ಲವರು ಯಾರೆಂಬುದೇ ಇಲ್ಲಿಯ ಪ್ರಶ್ನೆ.

೫. ಆಚಾರದ ಪ್ರಾಮಾಣ್ಯ

ಇದು ದೇವಿಯ ಸೇವೆ, ಹಿರಿಯರಿಂದ ಬಂದ ಆಚಾರ, ಇದರಲ್ಲಿ ಪೊಲೀಸರಿಗೇನು ಕೆಲಸವೆಂದು ಕೇಳುವವರುಂಟು. ಇವರಿಗೆ ಉತ್ತರವನ್ನು ಪೂರ್ವಮೀಮಾಂಸೆಯೇ ಕೊಡುವುದು. ಜೈಮಿನಿಯು ಮೊದಲನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಸ್ಮೃತ್ಯಾಚಾರಗಳ ಪ್ರಾಮಾಣ್ಯವನ್ನು ವಿಚಾರಿಸುತ್ತ, ಯಾವ ಆಚಾರಕ್ಕೆ ಲೌಕಿಕವಾದ ಹೇತುವು ಕಣ್ಣಿಗೆ ಕಾಣುವುದೋ ಅದಕ್ಕೆ ವೇದಮೂಲವನ್ನು ಊಹಿಸಲಾಗದೆಂದು ನಿರ್ಣಯಿಸಿರುವನು. ಯಾಗದಲ್ಲಿ ಒಂದು ಹೋಮಕ್ಕೆ ಸಂಬಂಧಿಸಿದ ವಸ್ತ್ರವನ್ನು ಅಧ್ವರ್ಯುವು ತೆಗೆದುಕೊಳ್ಳಬೇಕೆಂಬ ರೂಢಿಯನ್ನು ಶಬರಸ್ವಾಮಿಯು ಉದಾಹರಿಸಿ, ಅದು ಲೋಭಮೂಲವಾದುದರಿಂದ ಪ್ರಮಾಣವಲ್ಲವೆಂದು ಹೇಳುವನು. ಒಂದು ಬಟ್ಟೆಯ ಲೋಭವನ್ನೇ ಸಹಿಸದ ಶಾಸ್ತ್ರವು ಒಂದು ಮಗುವಿನ ದೇಹದ ಲೋಭವನ್ನು ಹೇಗೆ ಸಹಿಸೀತು? ಮುತ್ತು ಕಟ್ಟುವಲ್ಲಿ ಬಡವನ ದಾರಿದ್ರ್ಯವೂ ಉಳ್ಳವನ ಕಾಮವೂ ಪ್ರತ್ಯಕ್ಷವಾದ ಹೇತುಗಳು. ಹೇತುವು ಕಂಡಲ್ಲಿ ಧರ್ಮದ ಹೆಸರು ಸಲ್ಲದು. ಆಗಮಗಳಲ್ಲಿ ದೇವಾಲಯದ ಗಣಿಕೆಯರ ಪ್ರಸ್ತಾಪವಿದೆಯೆಂಬ ಮಾತ್ರದಿಂದ ಹಳ್ಳಿಯ ಕೂಸಿನ ಕೊರಳಿಗೆ ಮುತ್ತು ಬೀಳಬೇಕೆಂಬ ವಿಧಿಯು ಹುಟ್ಟಲಾರದು.

೬. ನಂಬುಗೆಯ ವ್ಯಕ್ತಿ ಯಾರು?

೨೦೧೨ರ ಅಧಿನಿಯಮವು ಮಗುವಿನ ಹೇಳಿಕೆಯನ್ನು ತಂದೆತಾಯಿಗಳ ಅಥವಾ ಮಗುವಿಗೆ ನಂಬುಗೆಯುಳ್ಳ ಬೇರೊಬ್ಬರ ಸಮಕ್ಷಮದಲ್ಲಿ ಬರೆದುಕೊಳ್ಳಬೇಕೆಂದು ವಿಧಿಸುತ್ತದೆ. ಇಲ್ಲಿಯ 'ಅಥವಾ' ಎಂಬ ಶಬ್ದವು ವಿಚಾರಾರ್ಹವಾಗಿದೆ. ವಿಕಲ್ಪವು ಎರಡು ಬಗೆ: ಇಚ್ಛೆಗೆ ಬಿಟ್ಟುದು ಒಂದು, ವ್ಯವಸ್ಥಿತವಾದುದು ಇನ್ನೊಂದು. ವ್ಯವಸ್ಥಿತವಿಕಲ್ಪದಲ್ಲಿ ಇಂಥ ಪ್ರಸಂಗಕ್ಕೆ ಇದೇ, ಅಂಥ ಪ್ರಸಂಗಕ್ಕೆ ಅದೇ ಎಂದು ವಿಷಯವು ಗೊತ್ತಾಗಿರುತ್ತದೆ. ಅಪರಿಚಿತನಿಂದ ಹಿಂಸೆಯಾದಾಗ ತಾಯಿಯ ಮಡಿಲೇ ಮಗುವಿಗೆ ಮೊದಲ ಕೇಂದ್ರ; ಅಲ್ಲಿ ತಂದೆತಾಯಿಗಳ ಪಕ್ಷವೇ ಗ್ರಾಹ್ಯ. ಹಿಂಸೆಯು ಮನೆಯೊಳಗೆ, ಮನೆಯವರ ಒಪ್ಪಿಗೆಯಿಂದ, ಹರಕೆಯ ರೂಪದಲ್ಲಿ ನಡೆದಾಗ ಎರಡನೆಯ ಪಕ್ಷವೇ ಗ್ರಾಹ್ಯವಾಗತಕ್ಕದ್ದು. ಈ ಸೀಮೆಯ ಅಧಿಕಾರಿಗಳು ತಂದೆತಾಯಿಗಳು ಜೊತೆಗಿರುವರೆಂಬ ಮಾತ್ರದಿಂದ ವಿಧಿಯು ನೆರವೇರಿತೆಂದು ಭಾವಿಸಿದರೆ, ಮಗುವು ಯಾರಿಂದ ಭಯಪಡುವುದೋ ಅವರನ್ನೇ ಅದರ ಎದುರಿಗೆ ಕೂಡಿಸಿದಂತಾಗುವುದು. ತಾಯಂದಿರೆಲ್ಲರೂ ಹಾಗೆಂದು ಹೇಳಿದುದಲ್ಲ. ತಾನು ಪಟ್ಟುದನ್ನು ಮಗಳು ಪಡಬಾರದೆಂದು ಮುತ್ತನ್ನು ತಡೆದ ತಾಯಂದಿರು ಇಲ್ಲಿ ಹಲವರುಂಟು. ಯಾವ ಪಕ್ಷವು ಗ್ರಾಹ್ಯವೆಂಬುದನ್ನು ಪ್ರತಿ ಪ್ರಸಂಗದಲ್ಲಿಯೂ ವಿಚಾರಿಸಿಯೇ ನಿರ್ಣಯಿಸಬೇಕೆಂಬುದು ನಮ್ಮ ಆಶಯ.

ಆ ಬೇರೊಬ್ಬ ನಂಬುಗೆಯ ವ್ಯಕ್ತಿಯು ಈ ಸೀಮೆಯಲ್ಲಿ ದುರ್ಲಭವಲ್ಲ. ೧೯೯೦ರ ದಶಕದ ಆರಂಭದಲ್ಲಿ ಮೈರಾಡ ಸಂಸ್ಥೆಯೂ ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮವೂ ಬೆಳಗಾವಿ ಜಿಲ್ಲೆಯಲ್ಲಿ ನಡೆಸಿದ ಕೆಲಸದ ಫಲವಾಗಿ, ಮಾಜಿ ದೇವದಾಸಿಯರು ತಾವೇ ಕೂಡಿ ೧೯೯೭ರಲ್ಲಿ ಗೋಕಾಕ ತಾಲ್ಲೂಕಿನ ಘಟಪ್ರಭೆಯಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿದರು. 'ಮಾಸ್' ಎಂಬುದು ಅದರ ಬಳಕೆಯ ಹೆಸರು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರು ಏಳನೆಯ ವಯಸ್ಸಿನಲ್ಲಿ ತಾವೇ ಮುತ್ತು ಕಟ್ಟಿಸಿಕೊಂಡವರು. ೨೦೧೮ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. ಎಲ್ಲಿಯಾದರೂ ಮುತ್ತು ಕಟ್ಟುವ ಸಿದ್ಧತೆಯ ಸುಳಿವು ಸಿಕ್ಕಿದರೆ ಈ ಹೆಂಗಸರು ಆ ಮನೆಗೆ ಹೋಗಿ ತಿಳಿಹೇಳುವುದು, ಕೇಳದಿದ್ದಲ್ಲಿ ಪೊಲೀಸರಿಗೆ ಸುದ್ದಿ ಮುಟ್ಟಿಸುವುದು, ಜಡೆಯು ದೇವಿಯದಲ್ಲವೆಂದು ತೋರಿಸಿ ಕತ್ತರಿಸಲು ಒಪ್ಪಿಸುವುದು, ಉಳಿತಾಯದ ಸಂಘಗಳನ್ನು ಕಟ್ಟುವುದು, ದೇವದಾಸಿಯರ ಮಕ್ಕಳನ್ನು ಶಾಲೆಗೆ ಸೇರಿಸುವುದು, ಹೀಗೆ ಅವರ ಕಾರ್ಯವು ನಡೆದುಬಂದಿತು. ಹೊರಗಿನಿಂದ ಬಂದ ಅಧಿಕಾರಿಗೆ ಕಾಣದ ಗುಟ್ಟು ಇವರಿಗೆ ಕಾಣುವುದು. ಏಕೆಂದರೆ ಭಂಡಾರವೂ ಪಡಲಿಗೆಯೂ ಹೊಸ ಸೀರೆಯೂ ಒಂದು ಮನೆಗೆ ಏಕೆ ಬಂದಿವೆಯೆಂಬುದನ್ನು ಇವರು ಅನುಭವದಿಂದ ಬಲ್ಲರು. ಮಗುವಿನ ಪಕ್ಷವನ್ನು ಮಂಡಿಸಲು ಪುಸ್ತಕದಿಂದ ಬರುವ ಅರ್ಹತೆಯೊಂದು, ಅನುಭವದಿಂದ ಬರುವ ಅರ್ಹತೆಯೊಂದು. ಎರಡನೆಯದನ್ನು ಯಾವ ಶಿಕ್ಷಣಶಾಲೆಯೂ ಕೊಡಲಾರದು. ಮೊದಲನೆಯದನ್ನು ಇವರಿಗೆ ಕೆಲವು ತಿಂಗಳುಗಳಲ್ಲಿ ಕಲಿಸಬಹುದು.

೭. ಸಿದ್ಧಾಂತ

ಮೇಲಣ ವಿಚಾರದಿಂದ ಫಲಿಸಿದುದೇನೆಂದರೆ, ಬಾಲಪಕ್ಷ ಕೇಂದ್ರವೆಂಬುದಕ್ಕೆ ಎರಡು ಅಂಗಗಳುಂಟು. ನಂಬುಗೆಯಿಂದ ಕೇಳುವ ಕಿವಿಯು ಒಂದು. ಕೇಳಿದುದನ್ನು ಕೆಡಿಸದೆ ನ್ಯಾಯಕ್ಕೆ ಮುಟ್ಟಿಸುವ ಏರ್ಪಾಡು ಇನ್ನೊಂದು. ಮೊದಲನೆಯದು ಘಟಪ್ರಭೆಯ ದಂಡೆಯಲ್ಲಿ ತಾನಾಗಿ ಬೆಳೆದಿದೆ. ಎರಡನೆಯದರ ಮುಖ್ಯಭಾಗಗಳಾದ ವಿಶೇಷ ನ್ಯಾಯಾಲಯವೂ ಮಕ್ಕಳ ಕಲ್ಯಾಣ ಸಮಿತಿಯೂ ಜಿಲ್ಲಾಕೇಂದ್ರವಾದ ಬೆಳಗಾವಿಯಲ್ಲಿವೆ. ಮೂಡಲಗಿಯ ಕಡೆಯ ಒಂದು ಹಳ್ಳಿಯಿಂದ ಕೂಲಿಯವಳೊಬ್ಬಳು ಮಗುವನ್ನು ಕರೆದುಕೊಂಡು ಬೆಳಗಾವಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿಯು ಹೋಯಿತು, ಬಸ್ಸಿನ ಹಣವು ಹೋಯಿತು. ಊರಿನವರ ಪ್ರಶ್ನೆಗಳಂತೂ ತಪ್ಪಲಿಲ್ಲ. ಇಂಥ ಪ್ರಯಾಣಗಳು ಮೂರು ನಾಲ್ಕು ಆದಮ್ಮೇಲೆ ಸಾಕ್ಷಿಯು ಮಾತು ಬದಲಿಸಿದರೆ ಅದನ್ನು ಸುಳ್ಳೆಂದು ಎಣಿಸುವುದು ನ್ಯಾಯವಲ್ಲ, ಅದು ಬಳಲಿಕೆ.

ಆದುದರಿಂದ ಮೂರು ಸಲಹೆಗಳನ್ನು ವಿದ್ವಜ್ಜನರ ಮತ್ತು ಅಧಿಕಾರಿಗಳ ಪರಿಶೀಲನೆಗಾಗಿ ಇಲ್ಲಿ ಮುಂದಿಡಲಾಗಿದೆ. ಒಂದನೆಯದಾಗಿ, ಗೋಕಾಕದಲ್ಲಿ ಮೂರು ತಾಲ್ಲೂಕುಗಳಿಗೂ ಸೇರಿ, ಆಸ್ಪತ್ರೆಯ ಸಮೀಪದಲ್ಲಿ ಆದರೆ ಠಾಣೆಯಿಂದ ದೂರದಲ್ಲಿ, ಎರಡು ಕೋಣೆಗಳ ಒಂದು ಮನೆಯು ಇದಕ್ಕಾಗಿ ಮೀಸಲಾಗಬೇಕು. ಮಹಿಳಾ ಪೊಲೀಸ್ ಅಧಿಕಾರಿ, ವೈದ್ಯೆ, ಹೇಳಿಕೆ ಬರೆದುಕೊಳ್ಳುವ ನ್ಯಾಯಾಧಿಕಾರಿ ಇವರು ಅಲ್ಲಿಗೆ ಬರಬೇಕು. ಎರಡನೆಯದಾಗಿ, ಮಾಜಿ ದೇವದಾಸಿಯರ ಸಂಘಗಳಲ್ಲಿ ಯೋಗ್ಯರಾದವರಿಗೆ ತಕ್ಕ ಶಿಕ್ಷಣವನ್ನೂ ಗೌರವಧನವನ್ನೂ ಕೊಟ್ಟು, ಬೆಂಬಲ ವ್ಯಕ್ತಿಗಳ ಪಟ್ಟಿಯಲ್ಲಿ ಅವರ ಹೆಸರುಗಳನ್ನು ಬರೆಯಿಸಬೇಕು. ಮೂರನೆಯದಾಗಿ, ನಿರ್ಣಯವು ಬಂದೊಡನೆ ಕೇಂದ್ರದ ಕೆಲಸವು ಮುಗಿಯಿತೆಂದು ತಿಳಿಯದೆ, ಮಗುವಿನ ಓದು, ಪರಿಹಾರದ ಹಣ, ಮನೆಯಲ್ಲಿ ಅದರ ಸುರಕ್ಷಿತತೆ, ಇವುಗಳನ್ನು ಹದಿನೆಂಟು ತುಂಬುವವರೆಗೆ ವಿಚಾರಿಸುತ್ತಿರಬೇಕು. ಅಲ್ಲಿಯವರೆಗೆ, ಅಪಾಯದಲ್ಲಿರುವ ಮಗುವನ್ನು ಕಂಡ ಯಾರೇ ಆಗಲಿ ೧೦೯೮ ಎಂಬ ಮಕ್ಕಳ ಸಹಾಯವಾಣಿಗೆ ಹಗಲಿರುಳೆನ್ನದೆ ತಿಳಿಸಬಹುದು.

ಅನಾಥ ಬಾಲರ ಪೋಷಣೆಯನ್ನು ಅರಸನ ಧರ್ಮವೆಂದು ಕೌಟಿಲ್ಯನು ವಿಧಿಸಿದನು. ಬಾಲರ ಆಸ್ತಿಯನ್ನು ಅವರು ಪ್ರಬುದ್ಧರಾಗುವವರೆಗೆ ಅರಸನು ಕಾಯಬೇಕೆಂದು ಮನುವು ವಿಧಿಸಿದನು. ಹೊಲಮನೆಗಳಿಲ್ಲದ ಮಗುವಿಗೆ ತನ್ನ ದೇಹವೂ ತನ್ನ ಮಾತೂ ಇವೆರಡೇ ಆಸ್ತಿ. ದೇಹಕ್ಕೆ ಆದ ಕೇಡನ್ನು ಇಲ್ಲವೆನಿಸಲು ಯಾವ ಕೇಂದ್ರಕ್ಕೂ ಸಾಧ್ಯವಿಲ್ಲ. ಮಾತನ್ನಾದರೂ ಕೆಡದಂತೆ ಕಾಯುವುದು ಸಾಧ್ಯವಾಗಿದೆ. ಆ ಕಾರ್ಯಕ್ಕೆ ಬೇಕಾದ ವಿಧಿಯೂ ಇದೆ, ಜನರೂ ಇರುವರು. ಇವೆರಡನ್ನೂ ಕೂಡಿಸುವ ಪ್ರಯತ್ನವು ಗೋಕಾಕ ಸೀಮೆಯಲ್ಲಿ ಬೇಗನೆ ನಡೆಯಲೆಂದು ಹಾರೈಸಿ ಈ ಲೇಖನವನ್ನು ಮುಗಿಸಲಾಗಿದೆ.